ತರಗತಿಯ ನಡುವೆ ನಿಂತ ಮಗು
(ಶಿಶುಕೇಂದ್ರಿತ ಶಿಕ್ಷಣದ ಚರಿತ್ರೆಯ ಒಂದು ಅವಲೋಕನ)

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯದ ಅಸ್ತಿವಾರ, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ ಇವು ಇರಲೇಬೇಕು. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅವೆಲ್ಲ ಇವೆ. ಆದರೆ ನಮ್ಮ ನಾಡಿನಲ್ಲಿ ಇಗರ್ಜಿಯ ಪಕ್ಕದಲ್ಲಿ ಒಂದು ಶಾಲೆ ಇಲ್ಲದ ಧರ್ಮಕೇಂದ್ರ ಅಪರೂಪ. ಹಲವೆಡೆ ಶಾಲೆಯ ಹಂಚಿನ ಮಾಡು ಮೊದಲು ಎದ್ದು, ದೇವಾಲಯದ ಗೋಡೆ ಆಮೇಲೆ ಎದ್ದದ್ದೂ ಉಂಟು. ಆ ಶಾಲೆಗಳ ಕಟ್ಟಡಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಆ ಕಟ್ಟಡದೊಳಗೆ ಆರು ವರ್ಷದ ಒಂದು ಮಗುವಿಗೆ ಹೇಗೆ ಕಲಿಸಲಾಯಿತು, ಹೇಗೆ ಕಲಿಸಬೇಕಾಗಿತ್ತು ಎಂಬ ಚರಿತ್ರೆಯನ್ನು ಬರೆದವರು ವಿರಳ. ಸಂಪಾದಕ ಸಮಿತಿಯವರು ಅವಕಾಶವಿತ್ತುದರಿಂದ ಆ ವಿಷಯವನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಒಂದು ತಪ್ಪೊಪ್ಪಿಗೆ. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಒಂದನೆಯ ತರಗತಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ನಮ್ಮ ಮುಂದೆ ಐವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ನಾವು ಹೇಳಿಕೊಡುವುದು, ಅವರು ಒಕ್ಕೊರಲಿನಿಂದ ಹೇಳುವುದು, ಇದೇ ಪಾಠ. ಹಿಂದಿನ ಸಾಲಿನ ಒಬ್ಬ ಹುಡುಗನ ಸ್ವರ ಎಲ್ಲರಿಗಿಂತ ದೊಡ್ಡದಾಗಿತ್ತು. ಪುಸ್ತಕ ತೆರೆದರೆ ಪುಟವಿಡೀ ತಡೆಯಿಲ್ಲದೆ ಹೇಳುತ್ತಿದ್ದ. ವರ್ಷದ ಕೊನೆಗೆ ಒಂದು ದಿನ, ಏಕೋ ಏನೋ, ಪುಟದ ಮೇಲಿದ್ದ ಚಿತ್ರವನ್ನು ನಾವು ಅಂಗೈಯಿಂದ ಮುಚ್ಚಿದೆವು. ಹುಡುಗ ಮೌನವಾದ. ಅವನಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಚಿತ್ರವನ್ನು ನೋಡಿ ಪಾಠವನ್ನು ಗುರುತಿಸಿ ಬಾಯಿಪಾಠ ಒಪ್ಪಿಸುತ್ತಿದ್ದ. ಅವನು ಮೂರನೆಯ ತರಗತಿ ಮುಗಿಸದೆ ತಂದೆಯೊಡನೆ ದೋಣಿಯ ಕೆಲಸಕ್ಕೆ ಹೋದ. ‘ಅವನಿಗೆ ವಿದ್ಯೆ ಹತ್ತಲಿಲ್ಲ’ ಎಂದು ದಾಖಲೆಯಲ್ಲಿ ಬರೆಯದಿದ್ದರೂ ನಾವೆಲ್ಲರೂ ಬಾಯಲ್ಲಿ ಹೇಳಿದೆವು. ಸೋತವನು ಆ ಹುಡುಗನೋ, ನಾವೋ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು.

ಸಾಲುಬೆಂಚು ಹುಟ್ಟಿದ ಬಗೆ

ಇಂದು ನಾವು ‘ಹಳೆಯ ಪದ್ಧತಿ’ ಎಂದು ಹೇಳುವ ತರಗತಿ ಪದ್ಧತಿಯೂ ಒಂದು ಕಾಲದಲ್ಲಿ ಹೊಸತಾಗಿತ್ತು; ಬಡವರ ಮಕ್ಕಳ ಮೇಲಿನ ಕರುಣೆಯಿಂದಲೇ ಹುಟ್ಟಿತ್ತು. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ (1651–1719) ಅವರು ರ‍್ಹೈಮ್ಸ್ ನಗರದಲ್ಲಿ ಬಡಮಕ್ಕಳ ಶಾಲೆಗಳ ಕೆಲಸಕ್ಕೆ ಕೈಹಾಕಿದಾಗ, ಸಾಮಾನ್ಯ ಶಾಲೆಯಲ್ಲಿ ಉಪಾಧ್ಯಾಯನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದನು. ಉಳಿದವರು ಸುಮ್ಮನೆ ಕುಳಿತಿರುತ್ತಿದ್ದರು. ಓದುವುದನ್ನು ಲ್ಯಾಟಿನ್ ಭಾಷೆಯಿಂದಲೇ ಆರಂಭಿಸುವುದು ರೂಢಿಯಾಗಿತ್ತು. ಲಾಸಾಲರು ಎರಡನ್ನೂ ಬದಲಿಸಿದರು. ಸಮಾನ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಏಕಕಾಲಕ್ಕೆ ಕಲಿಸುವ ಕ್ರಮವನ್ನು ವ್ಯವಸ್ಥೆಗೊಳಿಸಿದರು. ಮೊದಲ ಓದು ಮಾತೃಭಾಷೆಯಾದ ಫ್ರೆಂಚಿನಲ್ಲಿಯೇ ಆಗಬೇಕೆಂದರು. ಧರ್ಮಸಭೆಯು 1950ರಲ್ಲಿ ಅವರನ್ನು ಉಪಾಧ್ಯಾಯರ ಪಾಲಕ ಸಂತರೆಂದು ಘೋಷಿಸಿದ್ದು ಸರ್ವವಿದಿತ. ಆದುದರಿಂದ ಸಾಲುಬೆಂಚಿನ ತರಗತಿಯನ್ನು ಹೀಗಳೆಯುವ ಮುನ್ನ, ಅದು ಸುಮ್ಮನೆ ಕುಳಿತಿದ್ದ ಮಕ್ಕಳಿಗೆ ಕೆಲಸ ಕೊಟ್ಟ ಉಪಕಾರವನ್ನು ನೆನೆಯುವುದು ನ್ಯಾಯ.

ನಮ್ಮ ನಾಡಿನ ಕೂಲಿಮಠಗಳ ಕಥೆ ಬೇರೆ. ಅಲ್ಲಿ ನಾಗರಬೆತ್ತವೂ ಇತ್ತು, ಕೋದಂಡದ ಶಿಕ್ಷೆಯೂ ಇತ್ತು. ಆದರೆ ಒಂದು ಗುಣವೂ ಇತ್ತು. ಮಕ್ಕಳು ನೆಲದ ಮೇಲೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ತಿಳಿದ ಹುಡುಗ ತಿಳಿಯದ ಹುಡುಗನಿಗೆ ಹೇಳಿಕೊಡುತ್ತಿದ್ದನು. ಮದರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ 18ನೆಯ ಶತಮಾನದ ಕೊನೆಯಲ್ಲಿ ಇಂಥ ಒಂದು ದೇಶೀ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಅದನ್ನು ತಮ್ಮ ಶಾಲೆಗೆ ತಂದರು. ದೊಡ್ಡ ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನನ್ನೇ ಕಿರಿಯರಿಗೆ ಗುರುವಾಗಿ ನೇಮಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದರು. ಜೋಸೆಫ್ ಲ್ಯಾಂಕಾಸ್ಟರ್ ಎಂಬವರೂ ಇದೇ ಬಗೆಯ ಶಾಲೆಗಳನ್ನು ನಡೆಸಿ, ಈ ‘ಮದರಾಸು ಪದ್ಧತಿ’ ಇಂಗ್ಲೆಂಡಿನಾದ್ಯಂತ ಹಬ್ಬಿತು. ವಿಷಾದವೆಂದರೆ, ಹಬ್ಬುತ್ತಾ ಹೋದಂತೆ ಸಹಪಾಠಿಯ ಸ್ನೇಹ ಮರೆಯಾಗಿ, ನೂರಾರು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸೈನಿಕರಂತೆ ನಿಲ್ಲಿಸಿ ಬಾಯಿಪಾಠ ಮಾಡಿಸುವ ಅಗ್ಗದ ಯಂತ್ರವಾಗಿ ಅದು ಮಾರ್ಪಟ್ಟಿತು. ಒಳ್ಳೆಯ ಪದ್ಧತಿಯೊಂದು ಜೀವ ಕಳೆದುಕೊಂಡು ಚೌಕಟ್ಟು ಮಾತ್ರ ಉಳಿಯುವ ಈ ದುರಂತವನ್ನು ಮುಂದೆಯೂ ಕಾಣಲಿದ್ದೇವೆ.

ಮಗುವಿನ ಕಡೆಗೆ ತಿರುಗಿದ ದೃಷ್ಟಿ

ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ, ಅದಕ್ಕೆ ತನ್ನದೇ ಆದ ನೋಟವಿದೆ ಎಂಬ ಅರಿವು ಯುರೋಪಿನಲ್ಲಿ ನಿಧಾನವಾಗಿ ಬೆಳೆಯಿತು. ಮೊರೇವಿಯಾದ ಕೊಮೇನಿಯಸ್ 1658ರಲ್ಲಿ ಚಿತ್ರಗಳ ಮೂಲಕ ಜಗತ್ತನ್ನು ತೋರಿಸುವ ಪಠ್ಯಪುಸ್ತಕವನ್ನು ಪ್ರಕಟಿಸಿದರು. 1762ರಲ್ಲಿ ರೂಸೋ ಅವರ ‘ಎಮಿಲ್’ ಹೊರಬಂದಿತು. ಮಗುವಿನ ಪ್ರಕೃತಿಯನ್ನು ಅನುಸರಿಸಿ ಎಂದು ಬರೆದ ಆ ಮಹನೀಯರು ತಮ್ಮ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ್ದರೆಂಬುದು ವಿಚಾರಕ್ಕೂ ಆಚಾರಕ್ಕೂ ಇರುವ ದೂರವನ್ನು ತೋರಿಸುತ್ತದೆ.

ವಿಚಾರವನ್ನು ಆಚಾರಕ್ಕೆ ತಂದವರು ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿ (1746–1827). 1798ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಸೈನ್ಯವು ಸ್ಟಾನ್ಸ್ ಎಂಬ ಕಥೋಲಿಕ ಊರಿನ ಮೇಲೆರಗಿ ಸುಟ್ಟುಹಾಕಿತು. ಅನಾಥರಾದ ಮಕ್ಕಳಿಗಾಗಿ ಅಲ್ಲಿಯ ಕನ್ಯಾಮಠದ ಕಟ್ಟಡದಲ್ಲಿ ಒಂದು ಆಶ್ರಯವನ್ನು ತೆರೆದಾಗ, ಅದರ ಹೊಣೆ ಹೊತ್ತವರು ಪ್ರಾಟೆಸ್ಟಂಟರಾದ ಈ ಪೆಸ್ಟಲಾಟ್ಸಿ. ಊರವರು ಅವರನ್ನು ಸಂಶಯದಿಂದ ಕಂಡದ್ದು ಸಹಜವೇ. ಸುಮಾರು ಎಂಬತ್ತು ಮಕ್ಕಳು. ಕೆಲವರಿಗೆ ಕಜ್ಜಿ, ಕೆಲವರಿಗೆ ಹಸಿವು, ಎಲ್ಲರಿಗೂ ಭಯ. ಅವರು ಆ ಮಕ್ಕಳೊಡನೆ ಉಂಡರು, ಮಲಗಿದರು, ಅವರ ಕಾಯಿಲೆಗೆ ಶುಶ್ರೂಷೆ ಮಾಡಿದರು, ಅನಂತರವೇ ಪಾಠ. ಮಗು ಮೊದಲು ವಸ್ತುವನ್ನು ನೋಡಬೇಕು, ಮುಟ್ಟಬೇಕು, ಎಣಿಸಬೇಕು, ಆಮೇಲೆ ಅದರ ಹೆಸರು, ಆಮೇಲೆ ಅಕ್ಷರ ಎಂಬ ತತ್ತ್ವ ಅಲ್ಲಿ ಗಟ್ಟಿಯಾಯಿತು. 1799ರ ಜನವರಿಯಲ್ಲಿ ತೆರೆದ ಆ ಮನೆ ಜೂನ್ ತಿಂಗಳಲ್ಲಿ ಸೈನಿಕ ಆಸ್ಪತ್ರೆಗಾಗಿ ತೆರವಾಯಿತು. ಆರು ತಿಂಗಳೂ ತುಂಬದ ಆ ಶಾಲೆಯಿಂದ ಪ್ರಾಥಮಿಕ ಶಿಕ್ಷಣದ ದಿಕ್ಕು ಬದಲಾಯಿತೆಂದರೆ ಅತಿಶಯೋಕ್ತಿಯಲ್ಲ.

ಪೆಸ್ಟಲಾಟ್ಸಿಯವರ ಈವರ್ಡನ್ ಶಾಲೆಯಲ್ಲಿ ಎರಡು ವರ್ಷ ಇದ್ದು ಕಲಿತ ಜರ್ಮನಿಯ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳ ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಆಟವೇ ಮಗುವಿನ ಕೆಲಸವೆಂಬುದು ಅವರ ಮತ. 1851ರಲ್ಲಿ ಪ್ರಷ್ಯಾ ಸರಕಾರ ಈ ತೋಟಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಇಂದು ನಮ್ಮ ಊರುಗಳಲ್ಲಿ ‘ಕೆ.ಜಿ.’ ಎಂಬ ಎರಡಕ್ಷರ ಮಾತ್ರ ಉಳಿದಿದೆ. ತೋಟ ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ.

ಮೂರು ರಾಯರ ಹಬ್ಬದಂದು ತೆರೆದ ಬಾಗಿಲು

1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ಆರಂಭವಾಯಿತು. ತಂದೆತಾಯಿಗಳು ಕೂಲಿಗೆ ಹೋದಾಗ ಮಕ್ಕಳು ಹೊಸ ಕಟ್ಟಡದ ಗೋಡೆ, ಮೆಟ್ಟಿಲುಗಳನ್ನು ಹಾಳುಗೆಡಹುತ್ತಾರೆಂಬುದೇ ಕಟ್ಟಡದ ಒಡೆಯರ ಚಿಂತೆ. ಆ ಮಕ್ಕಳನ್ನು ನೋಡಿಕೊಳ್ಳಲು ಅವರು ಕರೆದದ್ದು ಡಾಕ್ಟರ್ ಮಾರಿಯಾ ಮಾಂಟೆಸ್ಸೊರಿಯವರನ್ನು (1870–1952). ಅವರು ವೈದ್ಯರು, ಬುದ್ಧಿಮಾಂದ್ಯರೆನಿಸಿದ ಮಕ್ಕಳಿಗೆ ಇಟಾರ್ಡ್, ಸೆಗುವಿನ್ ಎಂಬ ಫ್ರೆಂಚ್ ವೈದ್ಯರು ರೂಪಿಸಿದ ಸಾಧನಗಳನ್ನು ಅಭ್ಯಾಸ ಮಾಡಿದ್ದವರು. ರೋಗಿಯನ್ನು ವೈದ್ಯರು ನೋಡುವಂತೆ ಮಗುವನ್ನು ಅವರು ನೋಡಿದರು, ಕಂಡದ್ದನ್ನು ಬರೆದಿಟ್ಟರು. ಪ್ರಾಥಮಿಕ ತರಗತಿಯಲ್ಲಿ ಸಂಶೋಧನೆ ಎಂಬ ಮಾತಿಗೆ ಅರ್ಥ ಬಂದದ್ದು ಹೀಗೆ.

ಅವರು ಕಂಡದ್ದೇನು? ಮೂರು ವರ್ಷದ ಒಂದು ಹೆಣ್ಣುಮಗು ಮರದ ದಿಂಡುಗಳನ್ನು ತಕ್ಕ ಕುಳಿಗಳಲ್ಲಿ ಇಡುವ ಆಟದಲ್ಲಿ ತೊಡಗಿತ್ತು. ಮಗು ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ, ಸುತ್ತಲಿನ ಮಕ್ಕಳಿಂದ ಹಾಡಿಸಿದರೂ ಅದು ತಲೆಯೆತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದೇ ಕೆಲಸವನ್ನು ಮಾಡಿ, ತಾನಾಗಿ ನಿಲ್ಲಿಸಿ, ನಿದ್ದೆಯಿಂದ ಎದ್ದಂತೆ ನಗುಮುಖದಿಂದ ಎದ್ದಿತು. ಪುಟ್ಟ ಮಕ್ಕಳ ಮನಸ್ಸು ಚಂಚಲ, ಅದನ್ನು ಬೆತ್ತದಿಂದಲೇ ಹಿಡಿದು ನಿಲ್ಲಿಸಬೇಕು ಎಂಬ ನಂಬಿಕೆಗೆ ಆ ಒಂದು ಮಗು ಉತ್ತರವಾಯಿತು. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿತ ನಾಲ್ಕೈದು ವರ್ಷದ ಮಕ್ಕಳು ಒಂದು ದಿನ ಯಾರೂ ಹೇಳದೆಯೇ ಬರೆಯತೊಡಗಿದರು. ಮರಳಿನ ಮೇಲೆ ಬೆರಳು ತಿದ್ದಿದ ನಮ್ಮ ಹಿರಿಯರಿಗೆ ಇದು ಅಪರಿಚಿತವೆನಿಸದು.

1908ರ ಡಿಸೆಂಬರಿನಲ್ಲಿ ಮೆಸ್ಸಿನಾ ನಗರ ಭೂಕಂಪದಿಂದ ನಾಶವಾದಾಗ, ಬದುಕುಳಿದ ಸುಮಾರು ಅರುವತ್ತು ಅನಾಥ ಮಕ್ಕಳು ರೋಮಿನಲ್ಲಿ ಮೇರಿಮಾತೆಯ ಫ್ರಾನ್ಸಿಸ್ಕನ್ ಮಿಷನರಿ ಧರ್ಮಭಗಿನಿಯರ ಮಠದಲ್ಲಿ ಆಶ್ರಯ ಪಡೆದರು. ಮಾತು ಕಳೆದುಕೊಂಡಿದ್ದ, ರಾತ್ರಿ ಚೀರುತ್ತಿದ್ದ ಆ ಮಕ್ಕಳಿಗೂ ಧರ್ಮಭಗಿನಿಯರು ಈ ಕ್ರಮದಲ್ಲಿಯೇ ಕಲಿಸಿದರು: ಪುಟ್ಟ ಮೇಜು, ಪುಟ್ಟ ತಟ್ಟೆ, ತಾವೇ ಬಡಿಸುವ ಊಟ, ತಾವೇ ಮಾಡುವ ಕೆಲಸ. ಮಕ್ಕಳು ಮತ್ತೆ ನಗಲು ಕಲಿತರು. ಸ್ಟಾನ್ಸ್ ಊರಿನ ಕನ್ಯಾಮಠದಲ್ಲಿಯೂ ರೋಮಿನ ಈ ಮಠದಲ್ಲಿಯೂ ಹೊಸ ಶಿಕ್ಷಣ ಕಾಲೂರಿದ್ದು ಗಾಯಗೊಂಡ ಮಕ್ಕಳ ನಡುವೆಯೇ ಎಂಬುದನ್ನು ಇಲ್ಲಿ ಗಮನಿಸಬೇಕು. ಶಿಶುಕೇಂದ್ರಿತ ಶಿಕ್ಷಣವೆಂದರೆ ಸಿರಿವಂತರ ಮಕ್ಕಳ ವಿಲಾಸವೆಂದು ಭಾವಿಸುವವರು ಈ ಮಾತನ್ನು ಮರೆಯಬಾರದು.

ಭಾರತದ ಅಂಗಳದಲ್ಲಿ

ವಕೀಲರಾಗಿದ್ದ ಗಿಜುಭಾಯಿ ಬಧೇಕಾ (1885–1939) ತಮ್ಮ ಮಗನ ಶಿಕ್ಷಣದ ಚಿಂತೆಯಲ್ಲಿ ಮಾಂಟೆಸ್ಸೊರಿಯವರ ಗ್ರಂಥವನ್ನು ಓದಿ, ವಕೀಲಿ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಬೆತ್ತದ ಬದಲು ಕಥೆ, ಭಯದ ಬದಲು ಆಟ. ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ಹಳ್ಳಿಗಾಡಿನ ನಾಲ್ಕನೆಯ ತರಗತಿಯೊಂದರಲ್ಲಿ ಪ್ರಯೋಗ ನಡೆಸುವ ಕಲ್ಪಿತ ಉಪಾಧ್ಯಾಯನ ಕಥೆಯಾದ ಅವರ ‘ದಿವಾಸ್ವಪ್ನ’ ಭಾರತದ ಅನೇಕ ಭಾಷೆಗಳಿಗೆ ಅನುವಾದವಾಗಿದೆ. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ (1892–1973) ಈ ಶಿಕ್ಷಣವನ್ನು ಮಹಾರಾಷ್ಟ್ರದ ಕರಾವಳಿಯ ಆದಿವಾಸಿಗಳ ಬಳಿಗೆ ಒಯ್ದರು. ದುಬಾರಿ ಸಾಧನಗಳ ಬದಲಿಗೆ ಬೀಜ, ಕಲ್ಲು, ಎಲೆ, ಚಿಪ್ಪು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಕೊಂಡೊಯ್ದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಆರಂಭಿಸಿದ ಶಿಶು ಅಭಿವೃದ್ಧಿ ಯೋಜನೆಯ ‘ಅಂಗನವಾಡಿ’ ಎಂಬ ಹೆಸರಿನಲ್ಲಿ ಆ ಅಂಗಳದ ನೆನಪು ಉಳಿದಿದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಲ್ಲಿ ತೊಡಗಿದ್ದುದನ್ನು ಇದೇ ಸಂದರ್ಭದಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಮಾಂಟೆಸ್ಸೊರಿಯವರೇ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಏರ್ಪಟ್ಟ ತರಬೇತಿಗೆ ಸುಮಾರು 300 ಮಂದಿ ಸೇರಿದ್ದರು. ಮರುವರ್ಷ ಇಟಲಿ ಯುದ್ಧಕ್ಕಿಳಿದುದರಿಂದ ಅವರು ಶತ್ರುದೇಶದ ಪ್ರಜೆಯಾದರು. ಮಗ ಮಾರಿಯೊ ಬಂಧನಕ್ಕೊಳಗಾದರು. 1940ರ ಆಗಸ್ಟ್ 31ರಂದು, ತಾಯಿಯ 70ನೆಯ ಹುಟ್ಟುಹಬ್ಬದ ಉಡುಗೊರೆಯೆಂಬಂತೆ ಸರಕಾರ ಮಗನನ್ನು ಬಿಡುಗಡೆ ಮಾಡಿತು. ಯುದ್ಧ ಮುಗಿಯುವವರೆಗೆ ಭಾರತದಲ್ಲಿಯೇ ಉಳಿದ ಅವರು ಕೊಡೈಕನಾಲಿನಲ್ಲಿ ನಾನಾ ವಯಸ್ಸಿನ ಮಕ್ಕಳೊಡನೆ ಕೆಲಸ ಮಾಡುತ್ತ, ಆರರಿಂದ ಹನ್ನೆರಡು ವರ್ಷದವರ ಶಿಕ್ಷಣದ ತಮ್ಮ ವಿಚಾರಗಳನ್ನು ಅಲ್ಲಿಯೇ ಪಕ್ವಗೊಳಿಸಿದರು.

ಒರೆಗಲ್ಲಿಗೆ ಹಚ್ಚಿದಾಗ

ಇಷ್ಟು ಹೇಳಿ ಮುಗಿಸಿದರೆ ಇದು ಸ್ತೋತ್ರವಾದೀತೇ ಹೊರತು ಚರಿತ್ರೆಯಾಗದು. ಈ ಕ್ರಮದಿಂದ ಮಕ್ಕಳು ನಿಜವಾಗಿಯೂ ಹೆಚ್ಚು ಕಲಿಯುತ್ತಾರೆಯೇ? ಈ ಪ್ರಶ್ನೆಯನ್ನು ಅಂಕಿ ಅಂಶಗಳ ಒರೆಗಲ್ಲಿಗೆ ಹಚ್ಚುವ ಕೆಲಸ 1960ರ ದಶಕದಿಂದ ಭರದಿಂದ ನಡೆಯಿತು. ಫಲ ಎರಡೂ ಕಡೆಯವರಿಗೆ ಸಮಾಧಾನ ತರಲಿಲ್ಲ.

ಇಂಗ್ಲೆಂಡಿನಲ್ಲಿ 1967ರ ಪ್ಲೌಡನ್ ವರದಿಯು ಶಿಶುಕೇಂದ್ರಿತ ಕ್ರಮವನ್ನು ಎತ್ತಿ ಹಿಡಿಯಿತು. 1976ರಲ್ಲಿ ನೆವಿಲ್ ಬೆನೆಟ್ ಎಂಬ ಸಂಶೋಧಕರು 37 ಉಪಾಧ್ಯಾಯರ ತರಗತಿಗಳನ್ನು ಹೋಲಿಸಿ, ಓದು ಬರಹ ಲೆಕ್ಕಗಳಲ್ಲಿ ಸಾಂಪ್ರದಾಯಿಕ ತರಗತಿಯ ಮಕ್ಕಳೇ ಮುಂದಿದ್ದಾರೆಂದು ಪ್ರಕಟಿಸಿದಾಗ ಕೋಲಾಹಲವೇ ಎದ್ದಿತು. ಐದು ವರ್ಷಗಳ ಬಳಿಕ ಅದೇ ಅಂಕಿಗಳನ್ನು ಇನ್ನೂ ಸೂಕ್ಷ್ಮ ವಿಧಾನದಿಂದ, ಬೆನೆಟ್ಟರೂ ಸೇರಿ, ಮತ್ತೆ ಪರಿಶೀಲಿಸಿದಾಗ ಆ ಅಂತರ ಬಹುಮಟ್ಟಿಗೆ ಕರಗಿತು. ಲೆಸ್ಟರ್ ವಿಶ್ವವಿದ್ಯಾಲಯದ ಗಾಲ್ಟನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮಾರ್ಮಿಕವಾದದ್ದು. ಅವರು ತರಗತಿಯೊಳಗೆ ಕುಳಿತು ಕ್ಷಣಕ್ಷಣವನ್ನೂ ಗುರುತು ಹಾಕಿಕೊಂಡರು. ಮಕ್ಕಳು ಗುಂಪಾಗಿ ಮೇಜಿನ ಸುತ್ತ ಕುಳಿತಿದ್ದರು. ಆದರೆ ಬಹುಪಾಲು ಹೊತ್ತು ಒಬ್ಬೊಬ್ಬರೇ ಕೆಲಸ ಮಾಡುತ್ತಿದ್ದರು. ಮೇಜು ದುಂಡಗಾಗಿತ್ತು, ಕಲಿಕೆ ದುಂಡಗಾಗಿರಲಿಲ್ಲ!

ಅಮೇರಿಕದಲ್ಲಿ 1968ರಿಂದ 1977ರವರೆಗೆ ನಡೆದ ‘ಫಾಲೋ ತ್ರೂ’ ಎಂಬ ಬೃಹತ್ ಯೋಜನೆಯು ಬಡಮಕ್ಕಳ ಕಿಂಡರ್‌ಗಾರ್ಟನ್‌ನಿಂದ ಮೂರನೆಯವರೆಗಿನ ತರಗತಿಗಳಲ್ಲಿ ಹಲವು ಪದ್ಧತಿಗಳನ್ನು ಹೋಲಿಸಿತು. ಮೂಲ ಕೌಶಲಗಳಲ್ಲಿ ಮುಂದೆ ನಿಂತದ್ದು ಹಂತಹಂತವಾಗಿ ನೇರವಾಗಿ ಕಲಿಸುವ ಕಟ್ಟುನಿಟ್ಟಿನ ಪದ್ಧತಿ. ಸ್ವತಂತ್ರ ಚಟುವಟಿಕೆಯ ಕೆಲವು ಪದ್ಧತಿಗಳು ಹಿಂದೆ ಬಿದ್ದವು. ಆದರೆ ಒಂದೇ ಪದ್ಧತಿಯೂ ಒಂದು ಊರಿನಲ್ಲಿ ಗೆದ್ದು ಇನ್ನೊಂದು ಊರಿನಲ್ಲಿ ಸೋತಿತ್ತು. ಪದ್ಧತಿ ಪದ್ಧತಿಗಳ ನಡುವಿನ ಅಂತರಕ್ಕಿಂತ ಊರು ಊರುಗಳ ನಡುವಿನ ಅಂತರವೇ ದೊಡ್ಡದಾಗಿತ್ತು.

ದೀರ್ಘಕಾಲದ ಫಲವನ್ನು ನೋಡಿದವರ ಸಾಕ್ಷ್ಯ ಬೇರೆ. ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 123 ಬಡಮಕ್ಕಳನ್ನು ಆರಿಸಿ, 58 ಮಂದಿಗೆ ಮಗುವೇ ಯೋಜಿಸಿ, ಮಾಡಿ, ನೆನೆದು ಹೇಳುವ ಕ್ರಮದ ಶಿಶುವಿಹಾರವನ್ನು ಒದಗಿಸಲಾಯಿತು. 65 ಮಂದಿಗೆ ಇಲ್ಲ. ಅವರನ್ನು ನಲವತ್ತನೆಯ ವಯಸ್ಸಿನವರೆಗೂ ಬೆನ್ನಟ್ಟಿ ನೋಡಿದಾಗ, ಪ್ರೌಢಶಾಲೆ ಮುಗಿಸಿದವರು ಮೊದಲ ಗುಂಪಿನಲ್ಲಿ ಶೇಕಡಾ 77, ಎರಡನೆಯದರಲ್ಲಿ ಶೇಕಡಾ 60. ಸೆರೆಮನೆಯ ಹಾದಿ ಹಿಡಿದವರು ಮೊದಲನೆಯದರಲ್ಲಿ ಕಡಿಮೆ. 2006ರಲ್ಲಿ ಮಿಲ್ವಾಕಿ ನಗರದ ಮಾಂಟೆಸ್ಸೊರಿ ಶಾಲೆಗೆ ಚೀಟಿ ಎತ್ತುವ ಮೂಲಕ ಪ್ರವೇಶ ಪಡೆದವರನ್ನೂ, ಚೀಟಿ ಬಾರದೆ ಬೇರೆ ಶಾಲೆ ಸೇರಿದವರನ್ನೂ ಹೋಲಿಸಿದ ಲಿಲ್ಲಾರ್ಡ್ ಅವರ ಅಧ್ಯಯನದಲ್ಲಿ ಮೊದಲನೆಯವರು ಐದನೆಯ ವಯಸ್ಸಿಗೆ ಓದಿನಲ್ಲಿಯೂ ಲೆಕ್ಕದಲ್ಲಿಯೂ ಸಹಬಾಳ್ವೆಯಲ್ಲಿಯೂ ಮುಂದಿದ್ದರು. ಮಕ್ಕಳ ಸಂಖ್ಯೆ 112 ಮಾತ್ರ; ಆದರೂ ಚೀಟಿ ಎತ್ತಿದ್ದರಿಂದ ತಂದೆತಾಯಿಗಳ ಆಸಕ್ತಿಯ ವ್ಯತ್ಯಾಸ ನಡುವೆ ಬಾರಲಿಲ್ಲ ಎಂಬುದು ಅದರ ಬಲ.

ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವುದು ಶಿಶುಕೇಂದ್ರಿತ ಶಿಕ್ಷಣವಲ್ಲ. ಮಾಂಟೆಸ್ಸೊರಿಯವರ ಮನೆಯಲ್ಲಿ ಒಂದೊಂದು ಸಾಧನಕ್ಕೂ ಕ್ರಮವಿತ್ತು, ಒಂದೊಂದು ಮಗುವಿನ ಮೇಲೂ ಕಣ್ಣಿತ್ತು. ಆ ಕ್ರಮವೂ ಆ ಕಣ್ಣೂ ಇಲ್ಲದಲ್ಲಿ ಸ್ವಾತಂತ್ರ್ಯವು ಬಡವರ ಮಗುವಿಗೆ ನಿರ್ಲಕ್ಷ್ಯದ ಇನ್ನೊಂದು ಹೆಸರಾಗುತ್ತದೆ.

ಹೆಗ್ಗಡದೇವನಕೋಟೆಯ ಐದು ಅಕ್ಷರಗಳು

ಕ್ರಮವನ್ನೂ ನಲಿವನ್ನೂ ಕೂಡಿಸುವ ಒಂದು ಪ್ರಯತ್ನ ನಮ್ಮ ನಾಡಿನಲ್ಲಿಯೇ ನಡೆಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯಲ್ಲಿ ಪದ್ಮನಾಭರಾವ್, ರಮಾ ದಂಪತಿಗಳು ಒಬ್ಬರೇ ಉಪಾಧ್ಯಾಯರಿರುವ ಹಳ್ಳಿ ಶಾಲೆಗಳಿಗಾಗಿ ಚೀಟಿ ಕಾರ್ಡುಗಳ ಕಲಿಕಾ ಏಣಿಯನ್ನು ರೂಪಿಸಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ಕಂಡು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಿಗೆ ತಕ್ಕಂತೆ ಕಟ್ಟಿದ್ದೇ ‘ನಲಿಕಲಿ’. ಇದು ಮೇಲಿನಿಂದ ಇಳಿದ ಆಜ್ಞೆಯಾಗಿ ಅಲ್ಲ, ಹಳ್ಳಿಯ ಉಪಾಧ್ಯಾಯರ ಕೈಕೆಲಸವಾಗಿ ಹುಟ್ಟಿತೆಂಬುದು ಅದರ ಹಿರಿಮೆ.

ನಲಿಕಲಿ ಕೋಣೆಯಲ್ಲಿ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರ, ಕಾಗದದ ಹಕ್ಕಿ. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನು ನಿಂತ ಮೆಟ್ಟಿಲನ್ನು ಏಣಿಯಲ್ಲಿ ಹುಡುಕಿ, ಕಾರ್ಡನ್ನು ತಾನೇ ತೆಗೆದು, ತಕ್ಕ ಗುಂಪಿನಲ್ಲಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಒಂದಕ್ಕೆ ಭಾಗಶಃ, ಎರಡಕ್ಕೆ ಸಹಪಾಠಿಗಳ ಬೆಂಬಲ, ಕೊನೆಯದು ಸ್ವಕಲಿಕೆ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಿಂದೆ ಬಿದ್ದೆನೆಂಬ ಅವಮಾನವಿಲ್ಲ.

ಅಕ್ಷರ ಕಲಿಸುವ ಬಗೆಯೂ ಹೊಸದು. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ, ಮೊದಲಿಗೆ ರ, ಗ, ಸ, ದ, ಅ ಎಂಬ ಐದೇ ಅಕ್ಷರ. ಐದು ಕಲಿತ ಮಗು ಅಂದೇ ಸರ, ರಸ, ದರ, ಅರಸ, ಗರಗಸ, ದಸರ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಮೊದಲ ವಾರಗಳಲ್ಲಿಯೇ ‘ನಾನು ಓದಿದೆ’ ಎಂಬ ಸಂತೋಷ. ಚಿತ್ರವನ್ನು ಅಂಗೈಯಿಂದ ಮುಚ್ಚಿದಾಗ ಮೌನವಾದ ನಮ್ಮ ಹುಡುಗನಿಗೆ ಈ ಐದಕ್ಷರಗಳನ್ನು ಯಾರಾದರೂ ಕೊಟ್ಟಿದ್ದರೆ!

2009–10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೂ, ಅನಂತರ 3ನೆಯದಕ್ಕೂ ನಲಿಕಲಿ ವಿಸ್ತರಿಸಿತು. ಆದರೆ ಮದರಾಸು ಪದ್ಧತಿಗೆ ಆದ ಗತಿಯ ಭಯ ಇಲ್ಲಿಯೂ ಇದೆ. ಹಬ್ಬಿದ ಮೇಲೆ, ಉಪಾಧ್ಯಾಯರು ಕಟ್ಟಿದ ಏಣಿ ಉಪಾಧ್ಯಾಯರನ್ನೇ ಕಟ್ಟಿಹಾಕುವ ಅಪಾಯವುಂಟು. ಕರ್ನಾಟಕದ ಗ್ರಾಮೀಣ ತರಗತಿಗಳಲ್ಲಿ ಕುಳಿತು ಅಧ್ಯಯನ ಮಾಡಿದ ವಿದ್ವಾಂಸೆ ಆರತಿ ಶ್ರೀಪ್ರಕಾಶ್ ಅವರು 2012ರ ತಮ್ಮ ಗ್ರಂಥದಲ್ಲಿ ಶಿಶುಕೇಂದ್ರಿತ ಆದರ್ಶಕ್ಕೂ ಶಿಕ್ಷಕರ ದಿನನಿತ್ಯದ ಇಕ್ಕಟ್ಟುಗಳಿಗೂ ಇರುವ ಘರ್ಷಣೆಯನ್ನು ಬಿಡಿಸಿ ತೋರಿಸಿದ್ದಾರೆ. ಕಾರ್ಡು ಹರಿದು ಹೋದರೆ, ಕೋಣೆಯಲ್ಲಿ ಮಕ್ಕಳು ಕಿಕ್ಕಿರಿದರೆ, ಶಿಕ್ಷಕರು ಬೇರೆ ಬೇರೆ ಕೆಲಸಗಳಿಗೆ ಓಡಾಡಬೇಕಾದರೆ ಯಾವ ಏಣಿಯೂ ಮಗುವನ್ನು ಮೇಲೆತ್ತಲಾರದು.

ವಯಸ್ಸಿಗಿಂತ ಮಟ್ಟವನ್ನು ನೋಡಿ ಕಲಿಸಬೇಕೆಂಬ ನಲಿಕಲಿಯ ತತ್ತ್ವಕ್ಕೆ ಬೇರೆ ಕಡೆಯಿಂದಲೂ ಬೆಂಬಲ ದೊರೆತಿದೆ. 2001ರಿಂದ 2003ರವರೆಗೆ ಮುಂಬಯಿ, ವಡೋದರಾ ನಗರಗಳಲ್ಲಿ ಹಿಂದುಳಿದ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ, ಸ್ಥಳೀಯ ಯುವತಿಯರಿಂದ ಅವರ ಮಟ್ಟಕ್ಕೆ ತಕ್ಕ ಪಾಠ ಹೇಳಿಸಿದಾಗ ಗಮನಾರ್ಹ ಪ್ರಗತಿ ಕಂಡಿತು. ಆ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರು 2019ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಮಗುಸ್ನೇಹಿ, ಶಿಶುಕೇಂದ್ರಿತ ಚಟುವಟಿಕೆಗಳ ಮೂಲಕ ಕಲಿಕೆ ಎಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಸೇರಿ ಈಗ ಕಾನೂನಿನ ಮಾತೂ ಆಗಿದೆ.

ಮುಂದಿನ ನೂರು ವರ್ಷಕ್ಕೆ

ಕಾನೂನು ಕೋಣೆಯ ಹೊಸ್ತಿಲವರೆಗೆ ಬರಬಲ್ಲದು. ಒಳಗೆ ಬರಬೇಕಾದವರು ನಾವು. ಮೂರು ವರ್ಷದ ಮಗುವಿನ ಎಳೆಯ ಬೆರಳುಗಳ ನಡುವೆ ಪೆನ್ಸಿಲು ತುರುಕಿ, ಮನೆಗೆ ಹೋಮ್‌ವರ್ಕ್ ಬಾರದಿದ್ದರೆ ಶಾಲೆ ಸರಿಯಿಲ್ಲವೆನ್ನುವ ತಂದೆತಾಯಿಗಳು ನಮ್ಮಲ್ಲಿಯೇ ಇದ್ದಾರೆ. ಮನೆಯಲ್ಲಿ ಕೇಳದ ಭಾಷೆಯಲ್ಲಿ ಪದ್ಯ ಒಪ್ಪಿಸಿದ ಮಗುವಿಗೆ ಚಪ್ಪಾಳೆ ತಟ್ಟುವ ನಾವು, ಆ ಮಗುವಿಗೆ ಅದರ ಅರ್ಥವಾಯಿತೇ ಎಂದು ಕೇಳುವುದಿಲ್ಲ. ಮೂರು ಶತಮಾನಗಳ ಹಿಂದೆ ಲಾಸಾಲರು ಲ್ಯಾಟಿನ್ ಬಿಟ್ಟು ಮಾತೃಭಾಷೆ ಹಿಡಿದದ್ದನ್ನು ಅವರ ಹಬ್ಬದ ದಿನವಾದರೂ ನೆನೆಯೋಣ.

ದೊಡ್ಡ ವೆಚ್ಚದ ಸಲಹೆಗಳು ನಮ್ಮಲ್ಲಿಲ್ಲ. ಒಂದನೆಯ ತರಗತಿಗೆ ಅತ್ಯಂತ ಅನುಭವಿ ಉಪಾಧ್ಯಾಯರನ್ನು ಕೊಡೋಣ. ಅದು ಹೊಸಬರನ್ನು ಕೂರಿಸುವ ಸ್ಥಳವಲ್ಲ. ಒಂದೊಂದು ಮಗುವಿಗೂ ಒಂದು ಪುಟವಿಟ್ಟು, ಅದು ಏನು ಬಲ್ಲದು, ಎಲ್ಲಿ ನಿಂತಿದೆ ಎಂದು ವಾರಕ್ಕೊಮ್ಮೆ ಬರೆಯೋಣ. ಮರಳ ತಟ್ಟೆ, ಹುಣಸೆ ಬೀಜ, ತೆಂಗಿನ ಚಿಪ್ಪುಗಳಿಗೆ ಹಣ ಬೇಕಿಲ್ಲ. ತರಗತಿಯಲ್ಲಿ ಮಾತಿನ ಕಲರವ ಕೇಳಿಸಿದರೆ ಹೆದರದೆ, ಅದು ಕಲಿಕೆಯ ಸದ್ದೋ ಬರಿಯ ಗದ್ದಲವೋ ಎಂದು ಹತ್ತಿರ ಹೋಗಿ ನೋಡೋಣ. ಒಕ್ಕೊರಲಿನ ಪಾಠ ಮುಗಿದ ಮೇಲೆ ಹಿಂದಿನ ಸಾಲಿಗೆ ನಡೆದು, ಅಲ್ಲಿರುವ ಮಗುವಿನ ಪುಸ್ತಕದ ಚಿತ್ರವನ್ನು ಒಮ್ಮೆ ಅಂಗೈಯಿಂದ ಮುಚ್ಚಿ ನೋಡೋಣ.

ಯಾರು ದೊಡ್ಡವರೆಂದು ಶಿಷ್ಯರು ವಾದಿಸಿದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರೆಂದು ನಾವೆಲ್ಲರೂ ಕೇಳಿದ್ದೇವೆ. ಅಂಚಿನಲ್ಲಿ ಅಲ್ಲ, ಹಿಂದಿನ ಸಾಲಿನಲ್ಲಿ ಅಲ್ಲ, ನಡುವೆ. ಶಿಕ್ಷಣಶಾಸ್ತ್ರ ಆ ನಡುವಿಗೆ ಬರಲು ಬಹುಕಾಲ ಹಿಡಿಯಿತು; ನಮ್ಮ ತರಗತಿಗಳು ಇನ್ನೂ ಪೂರ್ತಿಯಾಗಿ ಬಂದಿಲ್ಲ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಹೊತ್ತು ಮಣ್ಣು ಮೆಟ್ಟಿ ಗೋಡೆಗಳನ್ನು ಕಟ್ಟಿಕೊಟ್ಟರು. ಆ ಗೋಡೆಗಳ ನಡುವೆ ಒಂದು ಮಗುವೂ ಬಾಯಿಪಾಠದ ಮರೆಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಆ ಕೆಲಸಕ್ಕೆ ದೇವರು ನಮಗೆಲ್ಲರಿಗೂ ತಾಳ್ಮೆಯನ್ನೂ ಕಣ್ಣನ್ನೂ ದಯಪಾಲಿಸಲಿ.